ಕೈಯಾರೆ ಮಾಡಿದ್ದೇ? ಹಾಗಿದ್ದರೆ ತೂಕ ಎಷ್ಟು?

ಕಲಾಪ್ರದರ್ಶನಕ್ಕೆ ಕಲಾವಿದರಿಂದ ಅರ್ಜಿ ಕರೆದ ಆ ಪ್ರಕಟಣೆಯನ್ನು ನೀವೂ ಓದಿದ್ದೀರಿ, ನಕ್ಕಿದ್ದೀರಿ, ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಕಳಿಸಿಯೂ ಇದ್ದೀರಿ. ಆದ್ದರಿಂದ ಅದನ್ನು ಇಲ್ಲಿ ಮತ್ತೆ ಪೂರ್ತಿ ಬಿಚ್ಚಿಡುವ ಅಗತ್ಯವಿಲ್ಲ. ‘ಯಂತ್ರದ ನೆರವಿಲ್ಲದೆ ಕಲಾವಿದರು ಕೈಯಾರೆ ರಚಿಸಿದ ಕೃತಿಗಳನ್ನು ಮಾತ್ರ ಪ್ರದರ್ಶನಕ್ಕೆ ಪರಿಗಣಿಸಲಾಗುವುದು’ ಎಂಬುದು ಮೂರನೆಯ ನಿಯಮ. ‘ಅರ್ಜಿಗಳನ್ನು ಆನ್‌ಲೈನ್ ಮೂಲಕವೇ ಸಲ್ಲಿಸತಕ್ಕದ್ದು, ಕೃತಿಯ ಚಿತ್ರವು 200 ಕೆಬಿ ಮೀರತಕ್ಕದ್ದಲ್ಲ, ಆಯ್ಕೆಯು ಈ ಚಿತ್ರದ ಆಧಾರದಿಂದಲೇ ನಡೆಯುವುದು’ ಎಂಬುದು ನಾಲ್ಕನೆಯದು. ಇವೆರಡರ ನಡುವೆ ಒಂದು ಖಾಲಿ ಸಾಲನ್ನಾದರೂ ಬಿಟ್ಟಿದ್ದರೆ ಓದುವವರಿಗೆ ಉಸಿರೆಳೆದುಕೊಳ್ಳಲು ಅನುಕೂಲವಾಗುತ್ತಿತ್ತು. ಕೃತಿಯನ್ನು ಕೈಯಾರೆ ರಚಿಸಿದ್ದೇನೆಂದು ಪ್ರಮಾಣಪತ್ರವನ್ನೂ ಕೊಡಬೇಕು. ಅದು ಇ-ಸ್ಟಾಂಪ್ ಕಾಗದದ ಮೇಲೆ ಟೈಪ್ ಆಗಿರಬೇಕು, ಕೈಬರಹದ ಪ್ರಮಾಣಪತ್ರವನ್ನು ತಿರಸ್ಕರಿಸಲಾಗುವುದು. ಕೈಯ ಮಹಿಮೆಯನ್ನು ಇಷ್ಟು ಭಕ್ತಿಯಿಂದ ಎತ್ತಿಹಿಡಿದ ಕಚೇರಿ ನಾಡಿನಲ್ಲಿ ಇನ್ನೊಂದು ಇರಲಾರದು.

ಆ ಅರ್ಜಿಯನ್ನು ತುಂಬಲು ಕುಳಿತ ನತದೃಷ್ಟರಲ್ಲಿ ನಾನೂ ಒಬ್ಬ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಮಲ್ಲಿಗೆ ಮಾರುವ ಅಜ್ಜಿಯರನ್ನು ವರ್ಷಗಟ್ಟಲೆ ನೋಡಿದ ನೆನಪಿನಿಂದ ಒಂದು ಮುಖವನ್ನು ಝೀಬ್ರಶ್ ಎಂಬ ತಂತ್ರಾಂಶದಲ್ಲಿ ಕಡೆದು, ಬೆಳಕು ಹಾಕಿ, ಚಿತ್ರವಾಗಿ ತೆಗೆದು, ಹತ್ತಿಯ ಕಾಗದದ ಮೇಲೆ ಅಚ್ಚು ಹಾಕಿಸಿ, ಕಟ್ಟು ಹಾಕಿಸಿದ್ದೇನೆ. ಇದು ಶಿಲ್ಪವೋ, ಚಿತ್ರವೋ, ಮುದ್ರಣವೋ ಎಂಬ ಪ್ರಶ್ನೆ ನನ್ನನ್ನು ಎಂದೂ ಕಾಡಿದ್ದಿಲ್ಲ. ಅರ್ಜಿಯನ್ನು ಮಾತ್ರ ಬಹಳ ಕಾಡಿತು. ಅದರಲ್ಲಿರುವುದು ತೈಲವರ್ಣ, ಜಲವರ್ಣ, ಅಕ್ರಿಲಿಕ್, ಗ್ರಾಫಿಕ್, ಶಿಲ್ಪ ಎಂಬ ಐದೇ ಆಯ್ಕೆಗಳು. ಗ್ರಾಫಿಕ್ ಒತ್ತಿದರೆ ‘ಮರದಚ್ಚು, ಲಿನೊ, ಎಚಿಂಗ್, ಕಲ್ಲಚ್ಚು ಮಾತ್ರ’ ಎಂದು ಕೆಂಪಕ್ಷರ ಮೂಡುತ್ತದೆ. ಶಿಲ್ಪ ಒತ್ತಿದರೆ ತೂಕ ಕೇಳುತ್ತದೆ, ಕಿಲೋಗ್ರಾಮಿನಲ್ಲಿ. ಸೊನ್ನೆ ಹಾಕಿದರೆ ಒಪ್ಪುವುದಿಲ್ಲ.

ಸಹಾಯವಾಣಿಗೆ ಕರೆ ಮಾಡಿದೆ. ಆ ಕಡೆಯ ಹುಡುಗ ಬಹಳ ವಿನಯವಂತ. “ಸಾರ್, ಶಿಲ್ಪ ಅಂದ್ಮೇಲೆ ತೂಕ ಇರ್ಲೇಬೇಕಲ್ವಾ?” ಎಂದ. ಅದು ಕಂಪ್ಯೂಟರಿನೊಳಗಿನ ಶಿಲ್ಪ, ಅದಕ್ಕೆ ತೂಕವಿಲ್ಲ ಎಂದೆ. ಅರೆಕ್ಷಣ ಯೋಚಿಸಿ, “ಹಂಗಾದ್ರೆ ಕಂಪ್ಯೂಟರ್ ತೂಕಾನೇ ಹಾಕ್ಬಿಡಿ ಸಾರ್, ಯಾರ್ ನೋಡ್ತಾರೆ” ಎಂದ. ಈ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಏಕೈಕ ವಿವೇಕದ ಮಾತು ಅದೇ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಆಯ್ಕೆ ಸಮಿತಿಯ ಹಿರಿಯರಿಗಾಗಿ ಹೇಳಬೇಕು. ಅವರು ಓದುವುದಿಲ್ಲ, ಆದರೂ ಹೇಳಬೇಕು. ಪರದೆಯ ಮೇಲೆ ರಾಗಿಮುದ್ದೆಯಂಥ ಒಂದು ಗೋಲ ಬರುತ್ತದೆ. ಕೈಯಲ್ಲಿ ಪೆನ್ನು, ಪೆನ್ನಿನ ಕೆಳಗೆ ಒತ್ತಡವನ್ನು ಅರಿಯುವ ಟ್ಯಾಬ್ಲೆಟ್ಟು. ಮೆಲ್ಲಗೆ ಒತ್ತಿದರೆ ಮಣ್ಣು ತೆಳುವಾಗಿ ಏರುತ್ತದೆ, ಜೋರಾಗಿ ಒತ್ತಿದರೆ ದಪ್ಪವಾಗಿ ಮೆತ್ತಿಕೊಳ್ಳುತ್ತದೆ. ಮೊದಲು ಹಣೆ, ದವಡೆ, ಕಣ್ಣಿನ ಗುಳಿ. ಚರ್ಮದ ಸುಕ್ಕಿಗೆ ಅವಸರ ಮಾಡುವವನು ಕೆಟ್ಟ. ಮೇಲ್ಮೈಯನ್ನು ಒಮ್ಮೆ ಒಡೆದರೆ ಅದರ ಪಾಲಿಗಾನ್‌ಗಳು, ಅಂದರೆ ಆ ಮೇಲ್ಮೈಯನ್ನು ಕಟ್ಟುವ ಪುಟ್ಟ ಚಪ್ಪಟೆ ತುಣುಕುಗಳು, ನಾಲ್ಕು ಪಟ್ಟಾಗುತ್ತವೆ. ಆರು ಸಾವಿರದಿಂದ ಹೊರಟ ಮುದ್ದೆಯನ್ನು ಐದು ಸಲ ಒಡೆದರೆ ಲೆಕ್ಕ 61 ಲಕ್ಷ ದಾಟಿರುತ್ತದೆ, ಮತ್ತು ಅಷ್ಟು ಹೊತ್ತಿಗೆ ಮೂಗು ಕಾಲಿಂಚು ಮೇಲಿದೆಯೆಂದು ಗೊತ್ತಾದರೆ ಕೆಳಗಿನ ಹಂತಕ್ಕೆ ಇಳಿದು ಸರಿಪಡಿಸಿ ಮತ್ತೆ ಏರಬೇಕು. ಎಡಗಡೆ ಕಡೆದದ್ದನ್ನು ಬಲಗಡೆಗೂ ತಾನೇ ಕಡೆಯುವ ಸಮರೂಪತೆಯ ಸೌಲಭ್ಯವೊಂದಿದೆ. ಅರ್ಧ ಕೆಲಸ ಪುಕ್ಕಟೆ ಎಂದು ಮೊದಲ ವರ್ಷ ಹಿಗ್ಗಿದ್ದೆ. ಹಾಗೆ ಮಾಡಿದ ಮುಖಗಳೆಲ್ಲ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡ ದೇವರುಗಳಂತೆ ಕಾಣುತ್ತಿದ್ದವು. ನನ್ನ ಅಜ್ಜಿಗೆ ಜೀವ ಬಂದದ್ದು ಆ ಸೌಲಭ್ಯವನ್ನು ನಿಲ್ಲಿಸಿ, ಎಡಗೆನ್ನೆಯೊಳಗೆ ಎಲೆ ಅಡಿಕೆಯ ಒಂದು ಉಂಡೆಯನ್ನಿಟ್ಟ ಮೇಲೆ. ಕೆನ್ನೆ ಉಬ್ಬಿತು, ಬಾಯಿಯ ಆ ತುದಿ ಕೆಳಗಿಳಿಯಿತು, ಎಡಗಣ್ಣು ಒಂದು ಕೂದಲೆಳೆಯಷ್ಟು ಸಣ್ಣದಾಯಿತು, ವಾಲೆಯ ಭಾರಕ್ಕೆ ಹಿಗ್ಗಿದ ಕಿವಿಯ ತೂತು ಉದ್ದವಾಯಿತು. ಇಷ್ಟಕ್ಕೆ ಹನ್ನೊಂದು ಸಂಜೆಗಳು ಹಿಡಿದವು.

ಇದನ್ನು ನೋಡಿದವರು ಕೇಳುವ ಪ್ರಶ್ನೆ ಒಂದೇ: “ಯಾವ ಬಟನ್ ಒತ್ತಿದ್ರಿ?” ಈಚೆಗೆ ಅದರ ಜಾಗದಲ್ಲಿ “ಎಐ ಮಾಡಿದ್ದಾ?” ಎಂಬುದು ಬಂದು ಕುಳಿತಿದೆ. ಬಟನ್ನಿನ ವಿಷಯದಲ್ಲಿ ಹೇಳುವುದಾದರೆ, ಈ ತಂತ್ರಾಂಶಕ್ಕೆ ಮೊದಲ ಬಾರಿಗೆ ಕೈಯಿಟ್ಟ ಪ್ರತಿಯೊಬ್ಬನೂ ಗೋಲವನ್ನು ತಿರುಗಿಸಲು ಹೋಗಿ, ಅದು ತಿರುಗದೆ ಪರದೆಯ ತುಂಬ ಇಪ್ಪತ್ತು ಗೋಲಗಳು ಅಂಟಿಕೊಂಡದ್ದನ್ನು ಕಂಡು ಕಂಗಾಲಾಗಿದ್ದಾನೆ. ಟೀ ಎಂಬ ಕೀಲಿಯನ್ನು ಒತ್ತಿ ಎಡಿಟ್ ಸ್ಥಿತಿಗೆ ಬರಬೇಕೆಂದು ಯಾರಾದರೂ ಹೇಳುವವರೆಗೆ ಅವನ ದಿನಗಳು ಹಾಗೆಯೇ ಕಳೆಯುತ್ತವೆ. ಅದು ದೋಷವಲ್ಲ, ವಂಶವಾಹಿ. 1999ರಲ್ಲಿ ಮೊದಲು ಜನರೆದುರು ಬಂದ ಝೀಬ್ರಶ್ ಹುಟ್ಟಿದ್ದೇ ಚಿತ್ರ ಬರೆಯುವ ಸಾಧನವಾಗಿ: ಪ್ರತಿ ಚುಕ್ಕೆಯಲ್ಲೂ ಬಣ್ಣದ ಜೊತೆಗೆ ಆಳವನ್ನೂ ಹಿಡಿದಿಡುವ ಕ್ಯಾನ್ವಾಸು ಅದು, ಆ ಚುಕ್ಕೆಗೆ ಅವರಿಟ್ಟ ಹೆಸರು ಪಿಕ್ಸಾಲ್. ಶಿಲ್ಪ, ಸಿನಿಮಾದ ರಾಕ್ಷಸರು, ಆಟಿಕೆಯ ಅಚ್ಚುಗಳೆಲ್ಲ ಆಮೇಲೆ ಬಂದವು. ಅಂದರೆ ಮಣ್ಣಿನಂತೆ ಕಡೆದು ಕಾಗದದ ಮೇಲೆ ಚಿತ್ರವಾಗಿಸುವ ನನ್ನ ಕೆಲಸ ಈ ಸಾಧನದ ದುರುಪಯೋಗವಲ್ಲ, ಅದರ ತವರುಮನೆಯ ಕಸುಬು.

ಚಿತ್ರಕ್ಕಾಗಿ ಶಿಲ್ಪ ಮಾಡುವುದು ಹೊಸದೆಂದೂ ಯಾರೂ ಗಾಬರಿಯಾಗಬೇಕಿಲ್ಲ. ಯುರೋಪಿನ ಹಳೆಯ ಚಿತ್ರಕಾರರಾದ ತಿಂತೊರೆತ್ತೊ, ಪುಸ್ಸಾಂ ಇಬ್ಬರೂ ಮೇಣದ ಪುಟ್ಟ ಬೊಂಬೆಗಳನ್ನು ಮಾಡಿ, ಪೆಟ್ಟಿಗೆಯೊಳಗೆ ಜೋಡಿಸಿ, ಬೆಳಕು ಬಿಟ್ಟು ನೆರಳು ಎಲ್ಲಿ ಬೀಳುತ್ತದೆಂದು ನೋಡಿಕೊಂಡು ಆಮೇಲೆ ಚಿತ್ರ ಬರೆಯುತ್ತಿದ್ದವರು. ಯಂತ್ರದ ಮಾತಿಗೆ ಬಂದರೆ ಅಷ್ಟು ದೂರ ಹೋಗುವುದೂ ಬೇಡ, ಬೇಲೂರಿನ ಬಸ್ಸು ಹತ್ತಿದರೆ ಸಾಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ನವರಂಗದಲ್ಲಿ ಕನ್ನಡಿಯಂತೆ ನುಣುಪಾಗಿ, ಬಳೆಬಳೆಯಾಗಿ ನಿಂತಿರುವ ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದದ್ದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಅದಕ್ಕೆ ಒದಗಿಬಂತು. ಮೂರನೆಯ ನಿಯಮದ ಪ್ರಕಾರ ಆ ಕಂಬಗಳು ಅನರ್ಹ. ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿದ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮೊದಲ ಸುತ್ತು ದಾಟಬಹುದು. ಕೈಬರಹದ ಪ್ರಮಾಣಪತ್ರದ ಕಾರಣಕ್ಕೆ ಎರಡನೆಯ ಸುತ್ತಿನಲ್ಲಿ ಬೀಳುತ್ತಾರೆ.

ಈ ಪ್ರಮಾಣಪತ್ರದ ಪಿಡುಗು ಫ್ರಾನ್ಸಿನ ಶಿಲ್ಪಿ ರೋದಾನ್‌ನನ್ನೂ ಬಿಟ್ಟಿರಲಿಲ್ಲ ಎಂಬುದು ನನಗೆ ಸಣ್ಣ ಸಮಾಧಾನ. 1877ರಲ್ಲಿ ಅವನು ‘ಕಂಚಿನ ಯುಗ’ ಎಂಬ ಆಳೆತ್ತರದ ಬೆತ್ತಲೆ ವಿಗ್ರಹವನ್ನು ಪ್ರದರ್ಶಿಸಿದಾಗ, ಇದು ಕೈಯಿಂದ ರೂಪಿಸಿದ್ದಲ್ಲ, ಜೀವಂತ ಮನುಷ್ಯನ ಮೈಯಿಂದಲೇ ಎರಕದ ಅಚ್ಚು ತೆಗೆದದ್ದು ಎಂದು ವಿಮರ್ಶಕರು ಗುಲ್ಲೆಬ್ಬಿಸಿದರು. ಅಷ್ಟು ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ರೂಪದರ್ಶಿಯಾಗಿ ನಿಂತಿದ್ದ ಬೆಲ್ಜಿಯಂ ಸೈನಿಕನ ಫೋಟೋಗಳನ್ನು ತರಿಸಿ, ನೋಡಿ ಸ್ವಾಮಿ, ಮನುಷ್ಯ ಬೇರೆ ವಿಗ್ರಹ ಬೇರೆ ಎಂದು ಸಾಬೀತು ಮಾಡಲು ಅವನು ಅಲೆದಾಡಿದ. ಮೂರು ವರ್ಷ ಕಳೆದ ಮೇಲೆ ಫ್ರಾನ್ಸಿನ ಸರಕಾರ ಅದೇ ವಿಗ್ರಹವನ್ನು ಕೊಂಡುಕೊಂಡಿತು. ಇದರಲ್ಲಿ ನನಗೆ ಬಹಳ ರುಚಿಸುವ ಸಂಗತಿ ಇನ್ನೊಂದಿದೆ: ಅದೇ ರೋದಾನ್‌ನ ಅಮೃತಶಿಲೆಯ ಕೃತಿಗಳಲ್ಲಿ ಬಹುಪಾಲನ್ನು ಕಲ್ಲಿನಲ್ಲಿ ಕಡೆದವರು ಅವನ ಕಾರ್ಖಾನೆಯ ಸಹಾಯಕರು, ಮಾದರಿಯ ಅಳತೆಯನ್ನು ಕಲ್ಲಿಗೆ ದಾಟಿಸುವ ಉಪಕರಣವನ್ನು ಇಟ್ಟುಕೊಂಡು. ಆ ಕಾಲಕ್ಕೆ ಅದು ಮಾಮೂಲು.

ಅವನು ಫೋಟೋ ತರಿಸಿದಂತೆ ನನ್ನಲ್ಲೂ ಸಾಕ್ಷಿಯಿದೆ. ಕಡೆದ ಪ್ರತಿ ಗೀಟನ್ನೂ ತಂತ್ರಾಂಶ ಕ್ರಮವಾಗಿ ನೆನಪಿಟ್ಟುಕೊಂಡಿರುತ್ತದೆ. ಹಿಂದಕ್ಕೆ ಎಳೆಯುತ್ತಾ ಹೋದರೆ ಅಜ್ಜಿಯ ಎಲೆ ಅಡಿಕೆ ಕರಗಿ, ಸುಕ್ಕು ಮಾಯವಾಗಿ, ಹಲ್ಲು ಹೋಗಿ, ಮೂಗು ಹೋಗಿ ಕೊನೆಗೆ ಮುದ್ದೆ ಉಳಿಯುತ್ತದೆ. ಕಲ್ಲಿನಲ್ಲಿ ಕೆಲಸ ಮಾಡುವ ಯಾವ ಶಿಲ್ಪಿಯೂ ಇಷ್ಟು ನಿಷ್ಠುರವಾದ ದಿನಚರಿಯನ್ನು ತೋರಿಸಲಾರ. ಇದನ್ನು ಲಗತ್ತಿಸಬಹುದೇ ಎಂದು ಈಮೇಲಿನಲ್ಲಿ ಕೇಳಿದ್ದಕ್ಕೆ ‘ಪಿಡಿಎಫ್ ಮಾತ್ರ’ ಎಂದು ಉತ್ತರ ಬಂತು.

ಗಾತ್ರ ದೊಡ್ಡದಾದರೆ ಈ ಮಡಿವಂತಿಕೆಯೆಲ್ಲ ಆವಿಯಾಗುತ್ತದೆ ಎಂಬುದನ್ನೂ ಗಮನಿಸಬೇಕು. 2018ರಲ್ಲಿ ಗುಜರಾತಿನಲ್ಲಿ ಅನಾವರಣಗೊಂಡ 182 ಮೀಟರಿನ ಪಟೇಲರ ಪ್ರತಿಮೆ ಶಿಲ್ಪಿ ರಾಮ್ ಸುತಾರರ ಮಾದರಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಚೀನಾದಲ್ಲಿ ಎರಕ ಹೊಯ್ಸಿದ ಕಂಚಿನ ಹಲಗೆಗಳನ್ನು ಹೊದಿಸಿ ನಿಲ್ಲಿಸಿದ್ದು. ಅದನ್ನು ನೋಡಿ ಯಾವ ಬಟನ್ ಒತ್ತಿದ್ರಿ ಎಂದು ಕೇಳಿದವರಿಲ್ಲ, ಕೇಳಬೇಕಾಗಿಯೂ ಇಲ್ಲ. ಅಷ್ಟೆತ್ತರದ ಕೆಲಸ ಬೇರೆ ಹೇಗೂ ಆಗುವುದಿಲ್ಲ. ಯಂತ್ರ ಅಪಚಾರವಾಗುವುದು ಕೃತಿ ಎ3 ಅಳತೆಗೆ ಇಳಿದಾಗ ಮಾತ್ರ.

ಇನ್ನು ಅಚ್ಚಿನ ಮಾತು. “ಪ್ರಿಂಟು ತಾನೇ” ಎಂದು ಮೂಗು ಮುರಿಯುವ ಮಹನೀಯರ ಮನೆಗೆ ಹೋಗಿ ದೇವರಕೋಣೆಯ ಬಾಗಿಲು ತೆಗೆದು ನೋಡಿ. ಅಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಇಬ್ಬರೂ 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಕಲ್ಲಚ್ಚಿನ ಸಂತತಿಯವರು. ಪ್ರಿಂಟಿಗೆ ಮೂರು ತಲೆಮಾರು ಮಂಗಳಾರತಿ ಎತ್ತಿದ ಮನೆಯವರೇ ಪ್ರಿಂಟಿನಲ್ಲಿ ಕಲೆಯಿಲ್ಲ ಎನ್ನುತ್ತಾರೆ. ಅಚ್ಚಿನ ಮನೆಯಲ್ಲಿ ಎಷ್ಟು ಕೆಲಸವಿದೆ ಎಂಬುದು ಅವರಿಗೆ ತಿಳಿದಿದ್ದರೆ ಹೀಗೆ ಹೇಳಲಾರರು. ಎ3 ಅಳತೆಗೆ, ಇಂಚಿಗೆ 300 ಚುಕ್ಕೆಯಂತೆ, ಅಡ್ಡ 3508, ಉದ್ದ 4961 ಚುಕ್ಕೆಗಳ ಚಿತ್ರ ಬೇಕು. ಪರದೆ ಬೆಳಕಿನಿಂದ ತೋರಿಸುವ ಬಣ್ಣವನ್ನು ಮಸಿಯಿಂದ ತರಬೇಕು. ನನ್ನ ಅಜ್ಜಿಯ ಸೀರೆಯ ನವಿಲುನೀಲಿ ಮೊದಲ ಪ್ರೂಫಿನಲ್ಲಿ ಹಳೇ ಸ್ಲೇಟಿನ ಬಣ್ಣಕ್ಕಿಳಿದಿತ್ತು, ಕತ್ತಿನ ನೆರಳಿನಲ್ಲಿದ್ದ ನರಗಳೆಲ್ಲ ಕಪ್ಪಿನಲ್ಲಿ ಮುಳುಗಿಹೋಗಿದ್ದವು. “ಸ್ಕ್ರೀನಲ್ಲಿ ಕಂಡಿದ್ದೆಲ್ಲ ಪೇಪರಲ್ಲಿ ಬರಲ್ಲ ಸಾರ್, ಪೇಪರಿಗೆ ಏನ್ ಬೇಕೋ ಅದನ್ನ ಸ್ಕ್ರೀನಲ್ಲಿ ಮಾಡ್ಕೊಂಡ್ ಬನ್ನಿ” ಎಂದ ಅಚ್ಚಿನ ಮನೆಯವನು ನನಗೆ ಗುರುಸಮಾನ. ಮನೆಗೆ ಬಂದು ನೆರಳಿಗೆ ಇನ್ನೊಂದು ದೀಪವಿಟ್ಟೆ, ನರಗಳನ್ನು ಇದ್ದದ್ದಕ್ಕಿಂತ ಆಳವಾಗಿ ಕಡೆದೆ. ನಾಲ್ಕನೆಯ ಪ್ರೂಫಿನಲ್ಲಿ ಅಜ್ಜಿ ಉಸಿರಾಡಿದಳು. ಇಪ್ಪತ್ತೈದೇ ಪ್ರತಿ ತೆಗೆಸಿ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ಸಹಿ ಹಾಕಿದ್ದೇನೆ. ಫೈಲು ನಿಮ್ಮ ಹತ್ತಿರವೇ ಇರುತ್ತಲ್ಲ, ಇಪ್ಪತ್ತಾರನೆಯದು ತೆಗೆಯುವುದಿಲ್ಲವೆಂದು ಏನು ಗ್ಯಾರಂಟಿ ಎಂದು ಕೇಳುತ್ತಾರೆ. ಕಂಚಿನ ಎರಕದವನ ಹತ್ತಿರವೂ ಅಚ್ಚು ಇರುತ್ತದೆ. ಅವನನ್ನು ಯಾರೂ ಹೀಗೆ ಕೇಳುವುದಿಲ್ಲ.

ನನ್ನ ಒಳಿತನ್ನೇ ಬಯಸುವ ಗ್ಯಾಲರಿಯವರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಕಾಗದದ ಬದಲು ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸುವುದು, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಜೆಲ್ ಅನ್ನು ದಪ್ಪ ಕುಂಚದಿಂದ ಅಡ್ಡಾದಿಡ್ಡಿ ಬಳಿಯುವುದು. ಒಣಗಿದ ಮೇಲೆ ಕುಂಚದ ಗೀರುಗಳು ಉಬ್ಬಿ ಕಾಣುತ್ತವೆ, ತೈಲವರ್ಣದ ಆಯ್ಕೆ ಒತ್ತಬಹುದು, ತೂಕವನ್ನೂ ಕೇಳುವುದಿಲ್ಲ. ಹೋಟೆಲಿನ ಗೋಡೆಗಳಲ್ಲಿ ಹೀಗೆ ಎಷ್ಟು ನೇತಾಡುತ್ತಿವೆ ಗೊತ್ತೇ ಎಂದರು. ಗೊತ್ತು.

ಇಲ್ಲಿ ನನಗೆ ನಗು ನಿಂತುಹೋಗುತ್ತದೆ. ಕಡೆದದ್ದನ್ನು ಕಡೆದದ್ದೆಂದು, ಅಚ್ಚು ಹಾಕಿದ್ದನ್ನು ಅಚ್ಚೆಂದು ಹೇಳಿಕೊಂಡವನಿಗೆ ಅರ್ಜಿಯಲ್ಲಿ ಜಾಗವಿಲ್ಲ. ಪ್ರಿಂಟಿಗೆ ಅಂಟು ಬಳಿದು ಸುಳ್ಳು ಪ್ರಮಾಣ ಮಾಡಿದವನಿಗೆ ಗೋಡೆಯಿದೆ, ದೀಪವಿದೆ, ಹಾರವಿದೆ. ಇದು ಕೈಯ ಮೇಲಿನ ಗೌರವವಲ್ಲ. ಕೈಯ ಮೇಲೆ ಗೌರವವಿದ್ದವರು ಪುಸ್ತಕದ ಮುಖಪುಟಕ್ಕೆ ಚಿತ್ರ ಮಾಡಿಸಿಕೊಂಡು, ಕಂಪ್ಯೂಟರ್ ಮಾಡಿದ್ದಕ್ಕೆ ಇಷ್ಟೊಂದು ದುಡ್ಡೇ ಎಂದು ಚೌಕಾಸಿ ಮಾಡುವುದಿಲ್ಲ. ಮೂರು ತಿಂಗಳು ಸತಾಯಿಸಿ, ಪುಸ್ತಕದ ಎರಡು ಗೌರವ ಪ್ರತಿಗಳನ್ನು ಕೈಗಿಟ್ಟು ಕಳಿಸುವುದಿಲ್ಲ. ಇಪ್ಪತ್ತೆರಡರ ಹುಡುಗ ಹುಡುಗಿಯರು ಸಾಲ ಮಾಡಿ ಟ್ಯಾಬ್ಲೆಟ್ ಕೊಂಡು, ದುಡ್ಡಿಲ್ಲದವರು ಉಚಿತವಾಗಿ ಸಿಗುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲೇ ಕಲಿತು, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ರಾತ್ರಿಯಿಡೀ ಕಡೆಯುತ್ತಾರೆ. ಆ ಮಣಿಕಟ್ಟು ಕೈಗೆ ಸೇರಿದ್ದಲ್ಲವೇ? ನನಗೆ ಸಾಕಾಗಿದೆ.

ಆದರೂ ಅರ್ಜಿ ಹಾಕಿದೆ. ಕಟ್ಟು ಹಾಕಿದ ಪ್ರಿಂಟನ್ನು ಬೀದಿ ಕೊನೆಯ ದಿನಸಿ ಅಂಗಡಿಗೆ ಒಯ್ದು, ಬೆಲ್ಲದ ಪಕ್ಕದಲ್ಲಿಟ್ಟು ತೂಗಿಸಿದೆ. ಗಾಜು ಸೇರಿ ಮೂರು ಕಿಲೋ ನಾನೂರು ಗ್ರಾಂ. ಶಿಲ್ಪ ಒತ್ತಿ ಅದನ್ನೇ ತುಂಬಿದೆ. ಅರ್ಜಿ ಕಲ್ಲಿನ ಜಾತಿ ಕೇಳಿತು, ‘ಇತರೆ’ ಎಂದೆ. ಎತ್ತಿಳಿಸಲು ಕ್ರೇನ್ ಬೇಕೇ ಎಂದು ಕೇಳಿತು, ಬೇಡ ಎಂದೆ. ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳ ಚಿತ್ರವನ್ನು ಹಿಂಡಿ ಹಿಂಡಿ 198 ಕೆಬಿಗೆ ತಂದಾಗ ಸುಕ್ಕುಗಳು ಚೌಕಚೌಕವಾಗಿ, ಕತ್ತಿನ ನರಗಳು ಮತ್ತೆ ಮುಳುಗಿಹೋದವು.

ಮೂರು ದಿನದ ಮೇಲೆ ಸಹಾಯವಾಣಿಯ ಅದೇ ಹುಡುಗ ಕರೆ ಮಾಡಿದ. ಅರ್ಜಿ ಸಮಿತಿಯ ಮುಂದೆ ಹೋಗಿದೆ, ಒಂದು ಸಣ್ಣ ಸ್ಪಷ್ಟನೆ ಬೇಕಂತೆ ಎಂದ. ನಾನು ಕಡೆದ ಕ್ರಮ, ತಂತ್ರಾಂಶದ ಚರಿತ್ರೆ, ರೋದಾನ್‌ನ ಪ್ರಕರಣ ಎಲ್ಲವನ್ನೂ ನಾಲಗೆಯ ತುದಿಗೆ ತಂದುಕೊಂಡು ಕುಳಿತೆ.

“ಏನಿಲ್ಲ ಸಾರ್,” ಎಂದು ದನಿ ತಗ್ಗಿಸಿದ, “ಅಜ್ಜಿಗೆ ಹಲ್ಲುನೋವಾ ಅಂತ ಕೇಳ್ತಿದಾರೆ.”