ಶುಗರ್ ಇರುವ ಅಮ್ಮನ ಮೂಳೆ ‘ನಾರ್ಮಲ್’ ಅನ್ನೋ ಮುಂಚೆ

ಇವತ್ತು ಬೆಳಿಗ್ಗೆ ಜಯನಗರದ ಪಾರ್ಕೊಂದರಲ್ಲಿ ಉಚಿತ ಮೂಳೆ ತಪಾಸಣೆ. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರ ಹಿಮ್ಮಡಿಯನ್ನು ಮೆಷಿನ್ನಿನಲ್ಲಿ ಇಡಿಸಿ, ಚೀಟಿ ಕೈಗಿಟ್ಟು, “ಮೂಳೆ ಗಟ್ಟಿಯಾಗಿದೆ ಅಮ್ಮಾ, ಯೋಚನೆ ಬಿಡಿ” ಅಂದರು. “ಹದಿನೈದು ವರ್ಷದಿಂದ ಶುಗರ್ ಇದೆಯಪ್ಪಾ” ಅಂತ ಅಜ್ಜಿಯೇ ಹೇಳಿದರೂ ಯಾರೂ ಬರೆದುಕೊಳ್ಳಲಿಲ್ಲ. ಆಗಿನಿಂದ ಹೊಟ್ಟೆ ಉರೀತಿದೆ.

ಟೈಪ್ 2 ಡಯಾಬಿಟಿಸ್ ಇರುವವರಿಗೆ ಸಾಮಾನ್ಯವಾಗಿ ಮೂಳೆ ಸಾಂದ್ರತೆ ಸರಿಯಾಗಿಯೇ ಬರುತ್ತೆ, ಕೆಲವರಿಗೆ ಜಾಸ್ತಿಯೇ ಬರುತ್ತೆ. ಆದರೂ ಸೊಂಟದ ಮೂಳೆ ಮುರಿಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ಹಿಮ್ಮಡಿ ಮೆಷಿನ್ ಹಾಗಿರಲಿ, ಆಸ್ಪತ್ರೆಯಲ್ಲಿ ಎಕ್ಸ್-ರೇಯಿಂದ ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಅಳೆಯೋದೂ ಖನಿಜವನ್ನು ಮಾತ್ರ. ಮನೆ ಕಟ್ಟಿಸಿದವರಿಗೆ ಗೊತ್ತು, ಮೇಲೆ ಕಾಂಕ್ರೀಟ್ ಚೆನ್ನಾಗಿ ಕಂಡರೂ ಒಳಗಿನ ಕಂಬಿ ಕೆಟ್ಟಿದ್ದರೆ ತಾರಸಿ ನಿಲ್ಲಲ್ಲ. ಮೂಳೆಯ ಕಂಬಿ ಅಂದರೆ ಕೊಲಾಜೆನ್ ಅನ್ನೋ ಪ್ರೋಟೀನ್ ಎಳೆಗಳು. ರಕ್ತದಲ್ಲಿ ಹೆಚ್ಚಾದ ಸಕ್ಕರೆ ವರ್ಷಗಟ್ಟಲೆ ಅದಕ್ಕೆ ಅಂಟಿಕೊಂಡು ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತೆ. ಬಾಗೋ ಗುಣ ಹೋಗಿ ಮೂಳೆ ಪೆಡಸಾಗುತ್ತೆ. ಹಳೇ ಮೂಳೆ ತೆಗೆದು ಹೊಸದು ಕಟ್ಟುವ ಕೆಲಸವೂ ನಿಧಾನವಾಗಿ, ಸಣ್ಣ ಬಿರುಕುಗಳು ಹಾಗೇ ಉಳೀತವೆ. ಚೀಟಿಯಲ್ಲಿ ಇದ್ಯಾವುದೂ ಬರಲ್ಲ!

ಡೆಕ್ಸಾ ಮಾಡಿಸಿದರೆ ಸೊಂಟದ ಸ್ಕೋರ್ ಕೇಳಿ. ವಯಸ್ಸಾದವರ ಬೆನ್ನುಮೂಳೆಯಲ್ಲಿ ಸವೆತದಿಂದ ಬೆಳೆದ ಮುಳ್ಳುಗಳು ಬೆನ್ನಿನ ಸ್ಕೋರನ್ನು ಸುಮ್ಮನೆ ಮೇಲೇರಿಸುತ್ತವೆ. ಸ್ಕ್ಯಾನ್‌ನಲ್ಲಿ ಬರುವ ಅಂಕಕ್ಕೆ ಟಿ-ಸ್ಕೋರ್ ಅಂತಾರೆ, ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಲೆಕ್ಕ ಅದು. ಶುಗರ್‌ನಿಂದ ಮೂಳೆ ಪೆಡಸಾಗೋದನ್ನು ಬಲ್ಲ ಕೆಲವು ವೈದ್ಯರು ಶುಗರ್ ಇರುವವರ ಸೊಂಟದ ಟಿ-ಸ್ಕೋರ್‌ನಿಂದ 0.5 ಕಳೆದು ನೋಡ್ತಾರೆ. ಅಂದರೆ −2.1 ಬಂದರೆ −2.6 ಅಂತ ಲೆಕ್ಕ. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆಯ ಗೆರೆ ಇರೋದು −2.5ರಲ್ಲಿ. ‘ಪರವಾಗಿಲ್ಲ’ ಅಂದುಕೊಂಡಿದ್ದು ಚಿಕಿತ್ಸೆ ಬೇಕಾದ ಮಟ್ಟಕ್ಕೆ ಬಂತಲ್ಲ.

“ವಯಸ್ಸಾದ ಮೇಲೆ ಬೀಳೋದು ಇದ್ದದ್ದೇ” ಅಂತ ಹೇಳೋರಿದ್ದಾರೆ. ಯಾಕೆ ಬೀಳ್ತಾರೆ ಅಂತ ನೋಡಿ ಸ್ವಾಮಿ. ಶುಗರ್ ಇದ್ದರೆ ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳಬೇಕು, ಪಾದದಲ್ಲಿ ಸ್ಪರ್ಶ ಇಲ್ಲ, ಕಣ್ಣು ಮಂಜು, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆಯಿಂದ ಒಮ್ಮೊಮ್ಮೆ ಲೋ ಶುಗರ್. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ಇಳಿದು ನರ ಇನ್ನಷ್ಟು ಸೋಲುತ್ತೆ. ಇದೆಲ್ಲ ಬರೀ ವಯಸ್ಸಿನ ತಪ್ಪಾ?

ಅಮ್ಮನ ಮಾತ್ರೆಗಳಲ್ಲಿ ಪಯೋಗ್ಲಿಟಜೋನ್ ಅನ್ನೋ ಶುಗರ್ ಔಷಧ ಇದೆಯಾ ನೋಡಿ. ಎರಡು-ಮೂರು ಔಷಧ ಸೇರಿಸಿದ ಮಾತ್ರೆಗಳಲ್ಲಿ ಅದು ಕಣ್ಣಿಗೇ ಬೀಳಲ್ಲ. ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚಿಸುತ್ತೆ ಅಂತ ಚೆನ್ನಾಗಿ ಗೊತ್ತಿರುವ ಔಷಧ ಅದು. ನೀವಾಗಿಯೇ ನಿಲ್ಲಿಸಬೇಡಿ, ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬಿ12, ವಿಟಮಿನ್ ಡಿ ನೋಡಿಸಿ. ಬಾತ್‌ರೂಮಿನ ಗೋಡೆಗೆ ಹಿಡಿಕೆ, ದಾರಿಗೊಂದು ರಾತ್ರಿ ದೀಪ ಇವತ್ತೇ ಹಾಕಿಸಿ.

ಶಿಬಿರ ಮಾಡುವವರೇ, ನಿಮ್ಮ ಫಾರ್ಮಿನಲ್ಲಿ ಒಂದೇ ಒಂದು ಸಾಲು ಸೇರಿಸಿ: ಶುಗರ್ ಎಷ್ಟು ವರ್ಷದಿಂದ?