‘ನಾಳೆ ಬನ್ನಿ’ ಅನ್ನಬೇಡಿ

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಬರೆಯದೆ ನಿದ್ದೆ ಬರಲ್ಲ.

ಫೋನ್ ಕಳೆದ ದೂರು ಕೊಡಲು ಹುಬ್ಬಳ್ಳಿಯ ಒಂದು ಸ್ಟೇಷನ್ನಿಗೆ ಹೋಗಿದ್ದೆ. ನನಗಿಂತ ಮುಂದೆ ಒಬ್ಬ ತಾಯಿ ನಿಂತಿದ್ದಳು. ಕ್ಯಾರಿಬ್ಯಾಗಿನಲ್ಲಿ ಮಗನ ಆಧಾರ್ ಜೆರಾಕ್ಸ್, ಒಂದು ಪಾಸ್‌ಪೋರ್ಟ್ ಫೋಟೋ. ಫೋಟೋಗೆ ಕೈಬೆವರು ಹತ್ತಿತ್ತು. ಸೆರಗಿನಿಂದ ಒರೆಸಿ ಒರೆಸಿ ಟೇಬಲ್ ಮೇಲೆ ಇಡುತ್ತಿದ್ದಳು. ಮಗ ನಿನ್ನೆ ಸಂಜೆ ಕೆಲಸ ಮುಗಿಸಿ ಹೊರಟವನು ಮನೆ ಮುಟ್ಟಿಲ್ಲ.

‘ನಾಳೆ ಬರ್ರಿ ಯವ್ವಾ. ಇಪ್ಪತ್ನಾಲ್ಕು ತಾಸು ಆಗ್ಲಿ.’

ಅಂಥ ನಿಯಮವೇ ಇಲ್ಲ. ಮನುಷ್ಯ ಕಾಣೆಯಾದ ಗಳಿಗೆಯಿಂದಲೇ ದೂರು ಕೊಡಬಹುದು. ಮಕ್ಕಳು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಾನು ಜಗಳ ಮಾಡಿದ ಮೇಲೆ ಬರೆದುಕೊಂಡರು. ನನ್ನ ಫೋನಿನ ದೂರಿಗೆ ಮಾತ್ರ ಯಾರೂ ನಾಳೆ ಬನ್ನಿ ಅನ್ನಲಿಲ್ಲ.

ಬಹಳ ಜನ ತಾವೇ ವಾಪಸ್ ಬರ್ತಾರೆ, ಪೊಲೀಸರಿಗೆ ಕೆಲಸ ಜಾಸ್ತಿ ಅಂತ ನೀವು ಹೇಳಬಹುದು. ನಿಜ. ಬಂದರೆ ದೂರು ಮುಗಿಸಿದರಾಯ್ತು. ಬಾರದವನ ಕಥೆ ಏನು?

ಈಗ ಡಿಎನ್‌ಎ ಇದೆಯಲ್ಲ, ಗುರುತಿಲ್ಲದ ಹೆಣ ಸಿಕ್ಕರೂ ಯಾರದು ಅಂತ ಗೊತ್ತಾಗುತ್ತೆ ಅಂತಾರೆ ಗೆಳೆಯರು. ಧಾರವಾಡದಲ್ಲೇ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರಲ್ಲಿ ಅಡಿಗಲ್ಲು ಹಾಕಿದರು, ನಮಗೆಲ್ಲ ಹೆಮ್ಮೆ. ಆದರೆ ಡಿಎನ್‌ಎ ಸುಮ್ನೆ ಹೆಸರು ಹೇಳಲ್ಲ. ಹೆಣದ ಹಲ್ಲು, ತೊಡೆ ಮೂಳೆಯಿಂದ ಅದನ್ನು ತೆಗೆದ ಮೇಲೆ ಅಪ್ಪನ, ಅಮ್ಮನ ಅಥವಾ ಮಕ್ಕಳ ರಕ್ತದ ಜೊತೆ ಹೋಲಿಸಬೇಕು. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿದರೂ ಸಾಕು. 2025ರ ಅಹಮದಾಬಾದ್ ವಿಮಾನ ದುರಂತದಲ್ಲಿ ಗುರುತು ಹಿಡಿದದ್ದು ಹೀಗೇ. ಅಲ್ಲಿ ಪ್ರಯಾಣಿಕರ ಪಟ್ಟಿ ಇತ್ತು, ಯಾರ ಮನೆಯವರನ್ನು ಕರೆಯಬೇಕು ಅಂತ ಗೊತ್ತಿತ್ತು. ರೈಲು ಹಳಿ ಪಕ್ಕ ಸಿಕ್ಕ ಹೆಣಕ್ಕೆ ಯಾವ ಪಟ್ಟಿ ಇದೆ? ಆ ತಾಯಿಯ ದೂರೇ ಪಟ್ಟಿ. ಅದನ್ನು ಬರೆಯದಿದ್ದರೆ ಇವಳು ಒಂದು ಊರಲ್ಲಿ ಕಾಯ್ತಾಳೆ, ಅವನನ್ನು ಇನ್ನೊಂದು ಊರಲ್ಲಿ ಅನಾಥ ಶವ ಅಂತ ಹೂಳ್ತಾರೆ.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಕೆಲವರಿಗೆ ಗೊತ್ತು. ಗದಗಿನ ನಮ್ಮ ಸೋದರಮಾವ 2006ರಲ್ಲಿ ಮನೆ ಬಿಟ್ಟು ಹೋದ. ಅಜ್ಜನಿಗೂ ‘ನಾಳೆ ಬರ್ರಿ’ ಅಂದಿದ್ದರು. ಅಜ್ಜ ಮರುದಿನ ಹೋಗಲಿಲ್ಲ. ಮನೆತನದ ಮರ್ಯಾದೆ ಅಂದರು. ಆಮೇಲೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ಆಗ ನನಗೆ ಇಪ್ಪತ್ಮೂರು, ಹೋಗಬಹುದಿತ್ತು. ರೇಷನ್ ಕಾರ್ಡಿನಿಂದ ಅವನ ಹೆಸರು ತೆಗೆಸಲು ಅಜ್ಜಿ ಸಾಯುವ ತನಕ ಬಿಡಲಿಲ್ಲ.

ಅಜ್ಜ, ಅಜ್ಜಿ ಇಬ್ಬರೂ ಇಲ್ಲ, ಇನ್ನು ಹೋಲಿಸಲು ಯಾರಿದ್ದಾರೆ ಅಂದುಕೊಂಡಿದ್ದೆ. ಆದರೆ ಜೀವಕೋಶದೊಳಗೆ ಮೈಟೊಕಾಂಡ್ರಿಯ ಅನ್ನೋ ಪುಟ್ಟ ಭಾಗ ಇರುತ್ತೆ, ಅದರ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತೆ. ಹಳೆಯ ಮೂಳೆಯಲ್ಲೂ ಅದು ಉಳಿದಿರಬಹುದು. ಅಂದರೆ ಮಾವನಲ್ಲಿ ಇದ್ದದ್ದು ನಮ್ಮಮ್ಮನಲ್ಲೂ ಇದೆ. ಅಮ್ಮನಿಗೆ ಈಗ ಅರವತ್ತೆಂಟು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಮ್ಮ ತಟ್ಟೆ ಸರಿಸಿ ಎದ್ದು, ಟ್ರಂಕಿನಿಂದ ಮಾವನ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ ತಂದಿಟ್ಟರು. ಫೋಟೋ ಇನ್ನೂ ಸ್ಪಷ್ಟವಾಗಿದೆ. ಸೋಮವಾರ ಗದಗಿಗೆ ಹೋಗ್ತಿದ್ದೇವೆ.