ಶುಕ್ರವಾರದ ಸೂಟ್‌ಕೇಸುಗಳು

ರಜೆಗೆ ವಿರಾಜಪೇಟೆಗೆ ಬಂದಾಗಲೆಲ್ಲ ಪಕ್ಕದ ಮನೆಯ ಅಜ್ಜ ಕೇಳುವುದು ಒಂದೇ ಪ್ರಶ್ನೆ: "ಫಾದರ್‌ಗಳ ಯೂನಿವರ್ಸಿಟಿಯಲ್ಲವೇ ಮಗಳೇ, ಡೊನೇಷನ್ ಎಷ್ಟು ಕೊಟ್ಟೆ?" ನಮ್ಮೂರಿಗೆ ಫಾದರ್‌ಗಳು ಹೊಸಬರೇನಲ್ಲ. ಸಂತ ಅನ್ನಮ್ಮ ಚರ್ಚಿಗೆ ಜಾಗ ಕೊಟ್ಟದ್ದೇ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ. ಆದರೂ ಖಾಸಗಿ ಎಂದ ಕೂಡಲೇ ನಮಗೆ ಹೊಳೆಯುವುದು ಡೊನೇಷನ್.

ನಾನು ಓದುವ ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ 1425ರಲ್ಲಿ ಪೋಪ್ ಐದನೇ ಮಾರ್ಟಿನ್ ಅವರ ಅಪ್ಪಣೆಯಿಂದ ಹುಟ್ಟಿದ್ದು. ಇಂದಿಗೂ ಅದು ಸರ್ಕಾರದ್ದಲ್ಲ. ಆದರೆ ಸರ್ಕಾರ ದೊಡ್ಡ ಅನುದಾನ ಕೊಡುವುದರಿಂದ ಅಲ್ಲಿನ ಮಕ್ಕಳು ಸರ್ಕಾರಿ ವಿಶ್ವವಿದ್ಯಾಲಯದಷ್ಟೇ ಶುಲ್ಕ ಕಟ್ಟುತ್ತಾರೆ. ನನ್ನಂಥ ಹೊರದೇಶದವರಿಗೆ ಹಲವು ಕೋರ್ಸುಗಳಲ್ಲಿ ಹೆಚ್ಚು.

ನನಗೆ ಆಸೆಯಾಗುವುದು ಅಲ್ಲಿನ ಶುಕ್ರವಾರ ಕಂಡು. ಮಧ್ಯಾಹ್ನವಾಗುತ್ತಲೇ ಕಲ್ಲುಹಾಸಿನ ಬೀದಿಗಳಲ್ಲಿ ಗಾಲಿ ಸೂಟ್‌ಕೇಸುಗಳು ಗಡಗಡ ಎನ್ನುತ್ತ ರೈಲು ನಿಲ್ದಾಣದತ್ತ ಸಾಗುತ್ತವೆ. ಒಳಗಿರುವುದು ವಾರದ ಕೊಳೆ ಬಟ್ಟೆ. ಭಾನುವಾರ ರಾತ್ರಿ ಅದೇ ಸೂಟ್‌ಕೇಸು ಒಗೆದು ಮಡಿಸಿದ ಬಟ್ಟೆ, ಮೇಲೊಂದು ಅಡುಗೆ ಡಬ್ಬಿ ಹೊತ್ತು ಮರಳುತ್ತದೆ. ಓದಲು ಹೋದ ಮಕ್ಕಳು ಮನೆಯವರಾಗಿಯೇ ಉಳಿಯುತ್ತಾರೆ.

ಕೊಡಗಿನಿಂದ ಓದಲು ಹೊರಟವರು ಹೀಗೆ ವಾರವಾರ ಬರುವುದು ಎಲ್ಲಿ? ಜಿಲ್ಲೆಗೆ ರೈಲೇ ಇಲ್ಲ. ಮೈಸೂರು, ಮಂಗಳೂರಿನ ಹಾಸ್ಟೆಲ್ ಸೇರಿದವರು ಪುತ್ತರಿ ಹಬ್ಬಕ್ಕೆ ಬಂದರೆ ಬಂದರು. ಆಮೇಲೆ ಕೆಲಸ ಬೆಂಗಳೂರಿನಲ್ಲಿ. ಕಾಫಿ ಕೊಯ್ಲಿನ ಹೊತ್ತಿಗೆ ತೋಟದಲ್ಲಿ ಕಾಣುವುದು ವಯಸ್ಸಾದವರೇ.

ಲೂವೆನ್ನಿನಲ್ಲಿ ವಿಶ್ವವಿದ್ಯಾಲಯಕ್ಕೆಂದು ಒಂದು ಹೆಬ್ಬಾಗಿಲಿಲ್ಲ. ಹಳೆಯ ಬಟ್ಟೆ ವ್ಯಾಪಾರಿಗಳ ಕಟ್ಟಡದಲ್ಲಿ ಆಡಳಿತ ಕಚೇರಿಯಿದೆ. ಹಿಂದೆ ಧರ್ಮನಿಷ್ಠ ಹೆಂಗಸರು ಒಟ್ಟಾಗಿ ಬಾಳುತ್ತಿದ್ದ ಇಟ್ಟಿಗೆ ಮನೆಗಳ ಕೇರಿಯನ್ನು 1962ರಲ್ಲಿ ಕೊಂಡು, ದುರಸ್ತಿ ಮಾಡಿ, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಾಸಕ್ಕೆ ಕೊಟ್ಟಿದ್ದಾರೆ. 1914ರಲ್ಲಿ ಜರ್ಮನ್ ಸೈನ್ಯ ಗ್ರಂಥಾಲಯವನ್ನು ಸುಟ್ಟಿತು. ಹೊಸದಾಗಿ ಕಟ್ಟಿದ್ದು 1940ರಲ್ಲಿ ಮತ್ತೆ ಬೂದಿಯಾಯಿತು. ಅದನ್ನೂ ಕಟ್ಟಿಕೊಂಡರು.

ನಮಗೆ 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂತು. ಎರಡೇ ವರ್ಷಕ್ಕೆ ಮುಚ್ಚುವ ಮಾತೂ ಬಂತು. ಹಣ ಸಾಲದು, ಮಕ್ಕಳು ಕಡಿಮೆ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಬಸ್ಸು, ಹೆಣ್ಣುಮಕ್ಕಳಿಗೆ ಭಯವಿಲ್ಲದ ಹಾಸ್ಟೆಲ್, ಕಾಫಿ, ಏಲಕ್ಕಿ, ಮಣ್ಣು, ಮಳೆಯನ್ನೇ ವಿಷಯವಾಗಿಸಿದ ಕೋರ್ಸುಗಳು ಇದ್ದರೆ ಮಕ್ಕಳು ಏಕೆ ಬರುವುದಿಲ್ಲ? 2018ರಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಗುಡ್ಡದ ಮಣ್ಣನ್ನು ಇಲ್ಲಿ ಓದದೆ ಇನ್ನೆಲ್ಲಿ ಓದಬೇಕು?

ಅಜ್ಜನ ಮೊಮ್ಮಗಳು ಈ ವರ್ಷ ಬಿ.ಎಸ್ಸಿ. ಮುಗಿಸಿದ್ದಾಳೆ. ಲೂವೆನ್ನಿನ ಬಗ್ಗೆ ಅವಳು ಹೆಚ್ಚೇನೂ ಕೇಳಲಿಲ್ಲ. "ಅಕ್ಕಾ, ಚಿಕ್ಕ ಅಳುವಾರಕ್ಕೆ ಸೇರಿದರೆ ನನ್ನ ಎರಡು ವರ್ಷ ಮುಗಿಯುವವರೆಗಾದರೂ ಅದು ಇರುತ್ತದೆಯೇ?" ಎಂದಳು. ಅರ್ಜಿ ಅವಳ ಕೈಯಲ್ಲೇ ಇತ್ತು, ಹೆಸರಷ್ಟೇ ತುಂಬಿದ್ದಳು.